ಸಮಾಧಾನ ಎಲ್ಲಿಂದ ಬಂತು?

(ಫೋರ್ಟ್ ಲೀಯಲ್ಲಿ ನಡೆದ ವಾರ್ಷಿಕ ನಿಧಿಸಂಗ್ರಹ ಸಮಾರಂಭದಲ್ಲಿ ಮಾಡಿದ ಭಾಷಣ)



ಮಾನಸಿಕ ಒತ್ತಡದ ಬಗ್ಗೆ ಮಾತನಾಡಲು ಫೋರ್ಟ್ ಲೀಗಿಂತ ತಕ್ಕ ಊರು ಬೇಕೆ? 2013ರ ಸೆಪ್ಟೆಂಬರ್ 9ರಂದು, ಮಕ್ಕಳ ಶಾಲೆ ಶುರುವಾಗುವ ದಿನವೇ, ಜಾರ್ಜ್ ವಾಷಿಂಗ್ಟನ್ ಸೇತುವೆಗೆ ಈ ಊರಿನವರಿಗಿದ್ದ ಮೂರು ಪಥಗಳಲ್ಲಿ ಎರಡನ್ನು ಮುಚ್ಚಿದರು. ಶುಕ್ರವಾರ ಬೆಳಗಿನವರೆಗೂ ಪರದಾಟ. ಶಾಲಾ ಬಸ್ಸು, ಆಂಬುಲೆನ್ಸುಗಳೂ ಸಿಕ್ಕಿಬಿದ್ದವು. ಕೇಳಿದರೆ ‘ಸಂಚಾರದ ಅಧ್ಯಯನ’ ಎಂದರು! ಅದು ಮೇಯರ್ ಮೇಲಿನ ರಾಜಕೀಯ ಸೇಡಿಗೆ ಹೊದಿಸಿದ ಮುಸುಕೆಂದು ಆಮೇಲೆ ನ್ಯಾಯಾಲಯದಲ್ಲಿ ಬಯಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಕಾರಣಕ್ಕೆ ಶಿಕ್ಷೆಗಳನ್ನು ರದ್ದು ಮಾಡಿತು. ಆದರೆ ‘ಅಧ್ಯಯನ’ ಬರೀ ನೆಪವೆಂಬುದು ಹಾಗೆಯೇ ಉಳಿಯಿತು.

ಆದ್ದರಿಂದ ‘ಅಧ್ಯಯನ’ ಎಂದೊಡನೆ ನಾವು ತಲೆಬಾಗಬೇಕಾಗಿಲ್ಲ. ಚಿಕಿತ್ಸೆಯೊಂದನ್ನು ಪರೀಕ್ಷಿಸುವ ಒಳ್ಳೆಯ ಅಧ್ಯಯನಕ್ಕೆ ಮೂರು ಬೇಕು: ಮೊದಲೇ ಬರೆದಿಟ್ಟ ಪ್ರಶ್ನೆ, ಹೋಲಿಕೆಗೆ ಇನ್ನೊಂದು ಗುಂಪು, ಭಾಗವಹಿಸುವವರು ತಿಳಿದು ಕೊಟ್ಟ ಒಪ್ಪಿಗೆ.

ಹೋಲಿಕೆ ಏಕೆ? ವೀಸಾದ ಚಿಂತೆ, ಊರಿನಲ್ಲಿರುವ ತಾಯಿಯ ಅನಾರೋಗ್ಯ, ಕೆಲಸ ಹೋಗುವ ಭಯ, ಇವು ತುತ್ತತುದಿ ಮುಟ್ಟಿದಾಗಲೇ ನಾವು ಧ್ಯಾನದ ಶಿಬಿರ ಹುಡುಕುತ್ತೇವೆ. ತುದಿಗೇರಿದ ಒತ್ತಡ ಎಷ್ಟೋ ಸಲ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಆರು ವಾರದ ಮೇಲೆ ಸಮಾಧಾನವಾದರೆ ಅದು ಧ್ಯಾನದಿಂದಲೋ, ಕಾಲ ಕಳೆದದ್ದರಿಂದಲೋ, ಕನ್ನಡದಲ್ಲಿ ಮನಬಿಚ್ಚಿ ಮಾತಾಡಲು ನಾಲ್ಕು ಜನ ಸಿಕ್ಕಿದ್ದರಿಂದಲೋ? ಶಿಬಿರಕ್ಕೆ ಬಂದವರನ್ನಷ್ಟೇ ಕೇಳಿದರೆ ತಿಳಿಯುವುದಿಲ್ಲ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಒಂದು ದಾರಿ ತೋರಿಸಿದೆ. ಅಲ್ಲಿನ ಡಾ. ಜಾನಕಿರಾಮಯ್ಯ, ಡಾ. ಗಂಗಾಧರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಒತ್ತಡದ್ದಲ್ಲ, ಅದರ ನೆರೆಯ ಕಾಯಿಲೆಯಾದ ಖಿನ್ನತೆಯದು. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ್ದ 45 ಮಂದಿಯನ್ನು, ಚೀಟಿ ಎತ್ತಿದ ಹಾಗೆ, 15 ಜನರ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಉಸಿರಾಟದ ಸುದರ್ಶನ ಕ್ರಿಯೆ, ಒಂದಕ್ಕೆ ಇಮಿಪ್ರಮಿನ್ ಮಾತ್ರೆ, ಇನ್ನೊಂದಕ್ಕೆ ವಿದ್ಯುತ್ ಚಿಕಿತ್ಸೆ. ನಾಲ್ಕು ವಾರದ ಕೊನೆಗೆ ಕಾಯಿಲೆ ಶಮನವಾದವರು ಕ್ರಮವಾಗಿ ಶೇ. 67, 73 ಮತ್ತು 93.

ಚೀಟಿ ಏಕೆಂದರೆ, ರೋಗಿಗಳೇ ಆರಿಸಿಕೊಂಡರೆ ಉಸಿರಾಟದಲ್ಲಿ ನಂಬಿಕೆಯಿದ್ದವರೆಲ್ಲ ಒಂದೇ ಗುಂಪಿಗೆ ಸೇರಿಬಿಡುತ್ತಾರೆ. ಇನ್ನೊಂದು ಮಾತು. ಶೇ. 67 ಎಂದರೆ 15ರಲ್ಲಿ 10, ಶೇ. 73 ಎಂದರೆ 11. ಒಬ್ಬರ ವ್ಯತ್ಯಾಸ! ಇಷ್ಟು ಚಿಕ್ಕ ಗುಂಪಿನಿಂದ ಉಸಿರಾಟವೂ ಮಾತ್ರೆಯೂ ಸಮವೆಂದು ಸಾರಲಾಗದು. ಆಶೆ ಹುಟ್ಟಿಸುವ ಫಲಿತಾಂಶ, ಅಷ್ಟೆ. ದಯವಿಟ್ಟು ಇದನ್ನು ಕೇಳಿ ಯಾರೂ ವೈದ್ಯರಿಗೆ ತಿಳಿಸದೆ ಮಾತ್ರೆ ನಿಲ್ಲಿಸಬೇಡಿ.

ಈಗ ನಮ್ಮ ಮನೆಯ ವಿಚಾರ. ನಿಮ್ಮ ದೇಣಿಗೆಯಿಂದ ಒತ್ತಡ ನಿವಾರಣೆಯ ಶಿಬಿರ ನಡೆಸಿದೆವೆನ್ನಿ. 20 ಜಾಗಕ್ಕೆ 40 ಜನ ಹೆಸರು ಕೊಟ್ಟರೆ ಪರಿಚಯ ನೋಡದೆ ಚೀಟಿ ಎತ್ತೋಣ. ಉಳಿದವರಿಗೆ ಮುಂದಿನ ಸರದಿ. ಅಷ್ಟರಲ್ಲಿ ಇಬ್ಬರಿಗೂ ಒಂದೇ ಪ್ರಶ್ನಾವಳಿ ಕೊಡೋಣ. ಕೊಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕಳೆದ ಒಂದು ತಿಂಗಳು ಬದುಕು ಎಷ್ಟು ಸಲ ಕೈಮೀರಿದೆ ಎನಿಸಿತು, ಇಂಥ ಪ್ರಶ್ನೆಗಳು ಅದರಲ್ಲಿವೆ. ಹೆಸರು ಗುಟ್ಟಾಗಿರಲಿ. ಬೇಡವೆಂದವರು ಯಾವಾಗ ಬೇಕಾದರೂ ಹಿಂದೆಗೆಯಲಿ. ತೀರ ಕಂಗೆಟ್ಟವರನ್ನು ಮಾತ್ರ ಸರದಿಯಲ್ಲಿ ಕಾಯಿಸದೆ ಕೂಡಲೇ ವೈದ್ಯರ ಬಳಿ ಕರೆದೊಯ್ಯೋಣ.

ಫಲ ಕಂಡರೆ ಶಿಬಿರ ಬೆಳೆಸೋಣ. ಕಾಣದಿದ್ದರೆ ಅದನ್ನೂ ಇದೇ ಸಂಚಿಕೆಯಲ್ಲಿ ಅಚ್ಚು ಹಾಕೋಣ. ದುಡಿದು ಕೊಟ್ಟ ಹಣಕ್ಕೂ, ನೊಂದು ಬಂದ ಮನಸ್ಸಿಗೂ ನಾವು ಸಲ್ಲಿಸಬೇಕಾದ ಲೆಕ್ಕ ಅದು.