ಕಗ್ಗದ ಕೆಂಪು, ಗಜನಿಯ ಉಪ್ಪು



ವಂಶವಾಹಿಯ ಉತ್ಪರಿವರ್ತನೆ ಎಂದೊಡನೆ ಕಾಯಿಲೆಯೇ ನೆನಪಾಗುತ್ತದೆ. ಕ್ಯಾನ್ಸರಿಗೂ ಕುಡಗೋಲು ಕಣ ರಕ್ತಹೀನತೆಗೂ ಅದೇ ಮೂಲ, ನಿಜ. ಆದರೆ ಇಲ್ಲೇ ಕುಮಟಾದ ಅಘನಾಶಿನಿ ನದಿದಂಡೆಯ ಗಜನಿಗಳನ್ನು, ಅಂದರೆ ಉಪ್ಪುನೀರು ಬರುವ ಗದ್ದೆಗಳನ್ನು ನೋಡಿ. ಭರತದ ಉಪ್ಪುನೀರು ನುಗ್ಗಿದರೆ ಬೇರೆ ಭತ್ತದ ಎಲೆ ತುದಿಯಿಂದ ಒಣಗುತ್ತ ಬರುತ್ತದೆ. ಮಾಣಿಕಟ್ಟಾ ಊರಿನ ಕಗ್ಗ ಭತ್ತ ಮಾತ್ರ ತಾಳಿಕೊಂಡು ತೆನೆಬಿಡುತ್ತದೆ.

ಕಗ್ಗದ ಒಂದು ಕಾಳನ್ನು ಉಗುರಿನಿಂದ ಸುಲಿಯಿರಿ. ಒಳಗಿನ ತೌಡು ಕೆಂಪು. ಕಾಡುಭತ್ತದ ಬಣ್ಣವೂ ಅದೇ. ಹಾಗಾದರೆ ಬಿಳಿ ಅಕ್ಕಿ ಎಲ್ಲಿಂದ ಬಂತು? ಜೀವಕೋಶ ಒಡೆಯುವಾಗಲೆಲ್ಲ ಡಿಎನ್‌ಎಯ ನಕಲು ಆಗುತ್ತದೆ, ಒಮ್ಮೊಮ್ಮೆ ತಪ್ಪುತ್ತದೆ; ಅದೇ ಉತ್ಪರಿವರ್ತನೆ. ಹಾಗೆ ಎಂದೋ ಒಂದು ಗಿಡದಲ್ಲಿ ‘ಆರ್‌ಸಿ’ ಎಂಬ ವಂಶವಾಹಿಯ 14 ಅಕ್ಷರಗಳು ಬಿಟ್ಟುಹೋದವು. ಜೀವಕೋಶ ಓದುವುದು ಮೂರು ಮೂರು ಅಕ್ಷರ ಸೇರಿಸಿ. 14 ಹೋದರೆ ಮುಂದಿನ ಪಾಠವೆಲ್ಲ ಕೆಟ್ಟಿತು, ಕೆಂಪು ಬಣ್ಣ ನಿಂತಿತು. ವಿಜ್ಞಾನಿಗಳು ಇದನ್ನು 2006ರಲ್ಲಿ ಪತ್ತೆಮಾಡಿದರು. ಇಂದಿನ ಬಹುಪಾಲು ಬಿಳಿ ಅಕ್ಕಿ ತಳಿಗಳಲ್ಲಿ ಇದೇ ಲೋಪವಿದೆ. ಬೀಜ ಮೊಳೆಯದೆ ಕಾದು ಮಲಗುವ ಗುಣವೂ ಇದೇ ವಂಶವಾಹಿಗೆ ಸೇರಿದ್ದು. ಕಾಡಿನ ಗಿಡಕ್ಕೆ ಈ ಲೋಪ ನಷ್ಟ. ಬಿತ್ತಿದ್ದೆಲ್ಲ ಒಟ್ಟಿಗೆ ಮೊಳೆಯಲಿ ಎನ್ನುವ ರೈತನಿಗೆ ಲಾಭ.

ಉಪ್ಪಿನ ವಿಷಯವೂ ಹೀಗೆಯೇ. ಬಂಗಾಳದ ನೋನಾ ಬೋಕ್ರಾ ಭತ್ತದಲ್ಲಿ 2005ರಲ್ಲಿ ‘ಎಸ್‌ಕೆಸಿ1’ ವಂಶವಾಹಿಯನ್ನು ಗುರುತಿಸಿದರು. ಅದರ ಪ್ರೋಟೀನಿಗೂ ಉಪ್ಪು ತಾಳದ ಭತ್ತದ ಪ್ರೋಟೀನಿಗೂ ನಾಲ್ಕೇ ಅಮೈನೊ ಆಮ್ಲಗಳ ಅಂತರ. ಅಷ್ಟರಿಂದಲೇ ಅದು ಬೇರಿನಿಂದ ಮೇಲೇರುವ ರಸದ ಸೋಡಿಯಂ ಅನ್ನು ಚೆನ್ನಾಗಿ ಹಿಂದಕ್ಕೆಳೆದು ಎಲೆಯನ್ನು ಕಾಪಾಡುತ್ತದೆ. ಉಪ್ಪುನೀರೇ ಭತ್ತವನ್ನು ಹಾಗೆ ಬದಲಿಸಿತು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಬದಲಾವಣೆ ಆಕಸ್ಮಿಕ, ಉಪ್ಪು ಮಾಡಿದ್ದು ಆಯ್ಕೆ ಮಾತ್ರ. ಇಲ್ಲಿ ಹಾಗೆ ಆಯ್ದ ಕಗ್ಗದ ಕಾಳನ್ನು ಬೀಜಕ್ಕೆಂದು ತೆಗೆದಿಟ್ಟವರು ನಮ್ಮ ಗಜನಿಯ ರೈತರು. ಆ ದುಡಿಮೆಗೆ ನಾವು ಕೊಟ್ಟ ಗೌರವ ಬಹಳ ಕಡಿಮೆ.

ನೀರು ಬದಲಾದರೆ ಉಪ್ಪು ತಾಳುವ ಗುಣದ ಬೆಲೆಯೂ ಬದಲಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದ ಮೇಲೆ, ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ವರ್ಷವಿಡೀ ಹರಿದು ಹೊನ್ನಾವರದ ಶರಾವತಿ ಅಳಿವೆಯ ಉಪ್ಪು ತಗ್ಗಿತು, ಚಿಪ್ಪುಜೀವಿಗಳು ಕುಗ್ಗಿದವು. ಅಘನಾಶಿನಿಗೆ ಅಂಥ ಅಣೆಕಟ್ಟೆ ಇಲ್ಲ. ಅದರ ಅಳಿವೆ 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು.

ಆದರೆ ಪಟ್ಟಿಯಿಂದ ಬೀಜ ಉಳಿಯದು. ಗಜನಿ ಇರುವವರು, ಸಿಗಡಿ ಸಾಕಿದರೂ ಸರಿ, ಮಳೆಗಾಲಕ್ಕೆ ಒಂದು ತುಂಡು ನೆಲವನ್ನಾದರೂ ಕಗ್ಗಕ್ಕೆ ಬಿಡಿ. ಮುಂದಿನ ವರ್ಷದ ಬೀಜ ಮನೆಯಲ್ಲಿರಲಿ.