ಒಂದಾದ ನಕ್ಷತ್ರಗಳ ಸುತ್ತಲಿನ ಧೂಳು



2002ರ ಜನವರಿಯಲ್ಲಿ ವಿ838 ಮಾನ್ ಎಂಬ ನಕ್ಷತ್ರ ದಿಢೀರನೆ ಉರಿದೆದ್ದಿತು. ಮೊದಲು ನೋವಾ ಎಂದುಕೊಂಡರು. ಆದರೆ ಅದು ತಣ್ಣಗಾಗುತ್ತಾ, ಕೆಂಪಾಗುತ್ತಾ ಹೋಯಿತು. ನಮ್ಮ ಮೌಂಟ್ ಅಬು ದೂರದರ್ಶಕವೂ ಅದನ್ನು ಅವಕೆಂಪು ಬೆಳಕಿನಲ್ಲಿ ಗಮನಿಸಿತು. ಎರಡು ನಕ್ಷತ್ರಗಳು ಬೆರೆತವು ಎಂಬುದೇ ಈಗ ಬಹುತೇಕರು ಒಪ್ಪುವ ವಿವರಣೆ.

ಆಗ ಸಿಡಿದ ಅನಿಲ ತಣಿದು ಧೂಳಾಯಿತು. ಧೂಳು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಅವಕೆಂಪನ್ನು ಅಷ್ಟಾಗಿ ತಡೆಯದು. ಅಮೆರಿಕದ ಚಾರಾದಲ್ಲಿ ಒಂದೊಂದು ಮೀಟರಿನ ಆರು ದೂರದರ್ಶಕಗಳ ಬೆಳಕನ್ನು ಕೂಡಿಸುತ್ತಾರೆ. ಅವುಗಳ ನಡುವಿನ ಅತಿ ಹೆಚ್ಚಿನ ಅಂತರ 330 ಮೀಟರ್. ಗಂಗಾವತಿಯ ಭತ್ತದ ಕಾಳನ್ನು ದೆಹಲಿಯಿಂದ ಗುರುತಿಸಿದಷ್ಟು ಸೂಕ್ಷ್ಮತೆ! ಅಂಕಕ್ಕಾಗಿ ನೀವು ಬಾಯಿಪಾಠ ಮಾಡುವ ಯಂಗ್‌ರ ಎರಡು ಸೀಳುಗಳ ಪ್ರಯೋಗವೇ ಇದರ ಬುಡ.

ಆ ಧೂಳು ದುಂಡಗಿಲ್ಲ, ಉದ್ದಕ್ಕೆ ಚಾಚಿಕೊಂಡಿದೆ ಎಂದು ತಿಳಿದದ್ದು ಹೀಗೆ. ಏಕೆ ಹಾಗೆ ಎಂಬುದನ್ನು ಇನ್ನೂ ಹುಡುಕುತ್ತಿದ್ದಾರೆ.