ಎದೆಹಾಲು ಮತ್ತು ಮನೆಯವರು



ಬಸುರಿಗೆ ಏಳನೆಯ ತಿಂಗಳು ತುಂಬುತ್ತ ಬಂದರೆ ನಮ್ಮ ಮನೆಗಳಲ್ಲಿ ಸೀಮಂತದ ಸಂಭ್ರಮ ಮೊದಲಾಗುತ್ತದೆ. ಹಸಿರು ಬಳೆ, ಮೊಗ್ಗಿನ ಜಡೆ, ತವರಿನ ಪ್ರಯಾಣ, ತೊಟ್ಟಿಲು, ಬಾಣಂತಿಯ ಕೋಣೆ ಎಲ್ಲವೂ ಮುಂಚೆಯೇ ಏರ್ಪಾಡಾಗುತ್ತವೆ. ಕೂಸು ಹುಟ್ಟಿದೊಡನೆ ಬೇಡುವ ಹಾಲಿನ ವಿಚಾರದಲ್ಲಿ ಮಾತ್ರ ‘ತಾನಾಗಿ ಬರುತ್ತದೆ’ ಎಂದು ಸುಮ್ಮನಿರುವುದು ವಾಡಿಕೆ. ಹಾಲು ತಾನಾಗಿ ಬರುವುದು ನಿಜ. ಆದರೆ ಹಾಲೂಡುವುದು ಕಲಿಯತಕ್ಕ ವಿದ್ಯೆ. ಅದನ್ನು ಹೆರಿಗೆಗೆ ಮುಂಚೆಯೇ ತಾಯಿಯೂ ಮನೆಯವರೂ ಕೂಡಿ ಕಲಿಯಬೇಕೆಂಬುದೇ ಈ ಸಂಜೆ ನನ್ನ ಬಿನ್ನಹ.

ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕು, ಆರು ತಿಂಗಳು ಎದೆಹಾಲನ್ನಲ್ಲದೆ ನೀರನ್ನೂ ಕೊಡಕೂಡದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದುವು. ಆದರೂ ಮೊದಲ ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ನೂರಕ್ಕೆ 42ರಷ್ಟು ಮಾತ್ರ. ಕೊರತೆ ಕೇವಲ ಆಸ್ಪತ್ರೆಯದಲ್ಲ, ಸಿದ್ಧತೆಯದೂ ಹೌದು ಎಂಬುದು ಇದರಿಂದ ಸ್ಪಷ್ಟವಷ್ಟೆ.

ಹಸು ಈದರೆ ಅದರ ಗಿಣ್ಣುಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಕಾಸಿ, ನೆರೆಮನೆಗೂ ಹಂಚಿ ಸವಿಯುವವರು ನಾವು. ತಾಯಿಯ ಎದೆಯ ಮೊದಲ ಹಳದಿ ಹಾಲನ್ನು ಮಾತ್ರ ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಇನ್ನೂ ಪೂರ್ತಿ ಅಳಿದಿಲ್ಲ. ರೋಗವನ್ನು ತಡೆಯುವ ಅಂಶಗಳು ದಟ್ಟವಾಗಿರುವ ಈ ಹಾಲು ಬಸುರಿನ ನಡುವಣ ತಿಂಗಳುಗಳಿಂದಲೇ ಸಿದ್ಧವಾಗುತ್ತಿರುತ್ತದೆ. ಮೊದಲ ದಿನ ಅದರ ಅಳತೆ ಚಮಚಗಳ ಲೆಕ್ಕದ್ದು. ಕೂಸಿನ ಹೊಟ್ಟೆಗೆ ಅಷ್ಟೇ ಸಾಕು. ಜೇನು, ಸಕ್ಕರೆನೀರುಗಳ ಅವಶ್ಯಕತೆಯಿಲ್ಲ. ಅದರಲ್ಲಿಯೂ ಜೇನಿನಿಂದ ವರ್ಷದೊಳಗಿನ ಮಕ್ಕಳಿಗೆ ಬಾಟುಲಿಸಂ ಎಂಬ ಘೋರ ರೋಗ ತಗಲುವ ಭಯವುಂಟು.

ನಿಜವಾದ ಪರೀಕ್ಷೆ ಬರುವುದು ಎರಡನೆಯ, ಮೂರನೆಯ ದಿನ. ಹಾಲು ತುಂಬಿ ಬರಲು ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಕೂಸು ಅಳುತ್ತದೆ, ನೋಡಬಂದವರೊಬ್ಬರು ‘ಪಾಪ, ಹಾಲು ಸಾಲದು’ ಎನ್ನುತ್ತಾರೆ, ಸೀಸೆ ಬರುತ್ತದೆ. ಮಗು ಎಷ್ಟು ಹೀರಿದರೆ ಅಷ್ಟು ಹಾಲು ಊರುವುದು ಪ್ರಕೃತಿಯ ನಿಯಮ. ಸೀಸೆಯಿಂದ ಹೊಟ್ಟೆ ತುಂಬಿದ ಕೂಸು ಎದೆಯನ್ನು ಹೀರದು. ಹೀರದಿದ್ದರೆ ಹಾಲು ಇಳಿಯುತ್ತದೆ. ಆ ಒಂದು ಮಾತು ಹೀಗೆ ತಾನೇ ನಿಜವಾಗಿಬಿಡುತ್ತದೆ. ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಊಡುವುದು ಸಹಜವೆಂದೂ, ಐದನೆಯ ದಿನದ ಮೇಲೆ ಮಗು ದಿನಕ್ಕೆ ಆರು ಬಾರಿ ಬಟ್ಟೆ ಒದ್ದೆ ಮಾಡಿ, ತೂಕವನ್ನೂ ಪಡೆಯುತ್ತಿದ್ದರೆ ಹಾಲು ಸಾಲುತ್ತಿದೆಯೆಂದೂ ಅಜ್ಜಿ ಮೊದಲೇ ತಿಳಿದಿದ್ದರೆ ಆ ಸೀಸೆ ಬರುತ್ತಿರಲಿಲ್ಲ. ಈ ಲಕ್ಷಣಗಳು ಕಾಣದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅವರು ಬೇರೆ ಹಾಲು ಅಗತ್ಯವೆಂದರೆ ಅದನ್ನು ಕೊಡುವುದರಲ್ಲಿ ತಾಯಿಗೆ ಯಾವ ಅವಮಾನವೂ ಇಲ್ಲ.

ಆದುದರಿಂದ ಎಂಟನೆಯ ತಿಂಗಳೊಳಗೆ ಕೆಲವು ಕೆಲಸಗಳಾಗಬೇಕು. ಕೂಸನ್ನು ಕೂಡಲೆ ತಾಯಿಯ ಮೈಗೆ ತಾಗಿಸಿ ಇಡುವರೆ, ಶಸ್ತ್ರಕ್ರಿಯೆಯಾದರೂ ಊಡಲು ನೆರವಾಗುವರೆ ಎಂದು ಆಸ್ಪತ್ರೆಯಲ್ಲಿ ಕೇಳಿಡಬೇಕು. ತೊಟ್ಟು ಒಳಸೇರಿದ್ದರೆ, ಎದೆಯ ಶಸ್ತ್ರಕ್ರಿಯೆ ಆಗಿದ್ದರೆ, ನಿತ್ಯ ಔಷಧಿಯಿದ್ದರೆ ವೈದ್ಯರಿಗೆ ತಿಳಿಸಬೇಕು. ತೊಟ್ಟನ್ನು ಉಜ್ಜಿ ಗಟ್ಟಿಮಾಡುವುದು ಅನಗತ್ಯ. ಆಸ್ಪತ್ರೆಯ ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರಬೇಕಾದ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಕೊಂಡಿರಬೇಕು. ಉದ್ಯೋಗಸ್ಥೆಯಾದರೆ ರಜೆಯ ಲೆಕ್ಕವನ್ನೂ ವಿಚಾರಿಸಬೇಕು; 2017ರ ಕಾನೂನು ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು.

ಕೊನೆಗೆ ಗಂಡಸರಿಗೆ ಒಂದು ಮಾತು. ಹಾಲೂಡುವುದು ನಮ್ಮಿಂದಾಗದ ಕೆಲಸ. ಆದರೆ ಕೂಸನ್ನು ಎತ್ತಿಕೊಡುವುದು, ಬಟ್ಟೆ ಒಗೆಯುವುದು, ಬಾಣಂತಿಗೆ ಹೊತ್ತಿಗೆ ಸರಿಯಾಗಿ ಊಟ ನೀರು ಒದಗಿಸುವುದು, ಹಗುರವಾಗಿ ಮಾತನಾಡುವ ಅತಿಥಿಗಳನ್ನು ನಯವಾಗಿ ಹೊರಗಿನ ಹಜಾರದಲ್ಲೇ ಕೂರಿಸುವುದು, ಇವು ನಮ್ಮಿಂದಾಗುವ ಕೆಲಸಗಳು. ಇವನ್ನು ಯಾರು ಯಾರು ಮಾಡತಕ್ಕದ್ದೆಂದು ಈಗಲೇ ಕುಳಿತು ಗೊತ್ತುಮಾಡಿಕೊಳ್ಳೋಣ.